ಪಿಂಚಣಿ ಮಸೂದೆಯಲ್ಲಿ ಮೊದಲು ಹುಡುಕಬೇಕಾದ ಸಾಲು

ಕೇಳುಗರಿಗೆ ನಮಸ್ಕಾರ.

ಪಿಂಚಣಿ ಜಾಸ್ತಿಯಾಗುತ್ತಂತೆ ಎಂಬ ಸುದ್ದಿ ಪೀಣ್ಯದ ಶೆಡ್ಡುಗಳಲ್ಲೂ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಗೇಟುಗಳಲ್ಲೂ ಆಗಾಗ ಓಡಾಡುತ್ತದೆ. ಮೊಬೈಲಿನಿಂದ ಮೊಬೈಲಿಗೆ ಹಾರುವುದು ಒಂದೇ ಅಂಕಿ, 7,500 ರೂಪಾಯಿ. ಇಪಿಎಸ್, ಅಂದರೆ ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆಯ ಪಿಂಚಣಿದಾರರು ಬಹುಕಾಲದಿಂದ ಕೇಳುತ್ತಿರುವ ಕನಿಷ್ಠ ಮೊತ್ತ ಅದು. ಆದರೆ ಅವರ ಬೇಡಿಕೆಯಲ್ಲಿ ಇನ್ನೂ ಒಂದು ಮಾತಿದೆ, 'ಜೊತೆಗೆ ತುಟ್ಟಿಭತ್ಯೆ' ಎಂದು. ಸುದ್ದಿ ಹಬ್ಬಿಸುವವರು ಇದನ್ನು ಬಿಟ್ಟುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಮೊತ್ತಕ್ಕಿಂತ ದೊಡ್ಡದು ಈ ಬಿಟ್ಟುಹೋದ ಮಾತೇ. ಪಿಂಚಣಿಯನ್ನಾಗಲಿ ಅಂಗವಿಕಲರ ಸೌಲಭ್ಯವನ್ನಾಗಲಿ ವಿಸ್ತರಿಸುವ ಯಾವ ಮಸೂದೆ ಬಂದರೂ, ಅದರಲ್ಲಿರುವ ಅಂಕಿ ಬೆಲೆಯೇರಿಕೆಯ ಜೊತೆಗೆ ತಾನಾಗಿ ಏರುತ್ತದೆಯೇ ಎಂದು ಮೊದಲು ನೋಡಬೇಕು.

ಏಕೆಂದು ಇಪಿಎಸ್‌ನಿಂದಲೇ ತಿಳಿಯುತ್ತದೆ. ನೌಕರರ ಪಿಂಚಣಿ ಯೋಜನೆ 1995ರ ನವೆಂಬರ್ 16ರಂದು ಶುರುವಾಯಿತು. ಮಾಲೀಕರು ಕಟ್ಟುವ ಶೇ 12ರ ಪಿಎಫ್ ಪಾಲಿನಲ್ಲಿ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ, ಕೇಂದ್ರ ಸರ್ಕಾರ ಶೇ 1.16 ಸೇರಿಸುತ್ತದೆ. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಒಂದು ಮಿತಿಯಿದೆ. 2001ರಲ್ಲಿ ಅದು 6,500 ಆಯಿತು, ಮುಂದಿನ ಏರಿಕೆ 15,000ಕ್ಕೆ ಬಂದದ್ದು 2014ರ ಸೆಪ್ಟೆಂಬರ್‌ನಲ್ಲಿ. ನಡುವಿನ 13 ವರ್ಷ ಸಂಬಳ ಏರಿತು, ಬಾಡಿಗೆ ಏರಿತು, ಮಿತಿ ಕದಲಲಿಲ್ಲ. ಕನಿಷ್ಠ ಪಿಂಚಣಿಯ ಕಥೆಯೂ ಇದೇ. ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ ಕನಿಷ್ಠ 3,000 ಕೊಡಿ ಎಂದು 2013ರಲ್ಲೇ ಹೇಳಿತ್ತು. ಮರುವರ್ಷ ಜಾರಿಗೆ ಬಂದದ್ದು 1,000. ಹತ್ತು ವರ್ಷ ಕಳೆದ ಮೇಲೂ ಅದು ಸಾವಿರವೇ. ಸರ್ಕಾರಿ ನೌಕರಿಯಿಂದ ನಿವೃತ್ತರಾದವರಿಗೆ ತುಟ್ಟಿಭತ್ಯೆ ವರ್ಷಕ್ಕೆರಡು ಸಲ ಪರಿಷ್ಕರಣೆಯಾಗುತ್ತದೆ, ಇಪಿಎಸ್‌ನವರಿಗೆ ಆ ಭಾಗ್ಯ ಇಲ್ಲ.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ 1975ರಿಂದ ಬೆಲೆಸೂಚ್ಯಂಕದ ಜೊತೆ ತಾನಾಗಿ ಏರುತ್ತದೆ. ಅದೇ ಇಲಾಖೆ ಬಡ ವೃದ್ಧರಿಗೂ ಅಂಗವಿಕಲರಿಗೂ ಕೊಡುವ ಎಸ್ಎಸ್ಐ ನೆರವಿಗೆ ಮಾತ್ರ ಒಂದು ಷರತ್ತಿದೆ: ಒಬ್ಬರ ಬಳಿ 2,000 ಡಾಲರಿಗಿಂತ ಹೆಚ್ಚು ಉಳಿತಾಯ ಇರಕೂಡದು. ಈ ಮಿತಿ ನಿಗದಿಯಾದದ್ದು 1989ರಲ್ಲಿ. ಅದನ್ನು ಏರಿಸಬೇಕೆಂಬ ಮಸೂದೆಗಳು ಅಲ್ಲಿನ ಕಾಂಗ್ರೆಸ್ಸಿಗೆ ಮತ್ತೆ ಮತ್ತೆ ಬರುತ್ತಲೇ ಇವೆ. ಒಂದೇ ಇಲಾಖೆಯಲ್ಲಿ ಸೂಚ್ಯಂಕಕ್ಕೆ ಸೇರಿಸಿದ ಅಂಕಿ ಬದುಕಿತು, ಸೇರಿಸದ್ದು ಸೊರಗಿತು.

ಸರಿ, ನಮ್ಮ 15,000ದ ಮಿತಿಯನ್ನು 25,000ಕ್ಕೆ ಏರಿಸಿದರು ಎಂದೇ ಇಟ್ಟುಕೊಳ್ಳೋಣ. ಸೂತ್ರ ಸರಳ: ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಸಂಬಳ ಎಂದರೆ ಇಲ್ಲಿ ಮುಖ್ಯವಾಗಿ ಮೂಲವೇತನ ಮತ್ತು ತುಟ್ಟಿಭತ್ಯೆ, ಹಾಗಾಗಿ ಪೇ ಸ್ಲಿಪ್‌ನಲ್ಲಿ ಬೇಸಿಕ್ ಕಡಿಮೆ ತೋರಿಸಿ ಅಲೋವೆನ್ಸ್ ಜಾಸ್ತಿ ತೋರಿಸಿದರೆ ಪೆಟ್ಟು ಬೀಳುವುದು ಪಿಂಚಣಿಗೆ. 18 ವರ್ಷ ದುಡಿದವರಿಗೆ 25,000ದ ಮೇಲೆ 6,429 ರೂಪಾಯಿ ಬರಬೇಕು. ಆದರೆ 2014ರಲ್ಲಿ ಮಿತಿ ಏರಿಸಿದಾಗ ಒಂದು ಷರತ್ತು ಹಾಕಿದ್ದರು. ಏರಿಕೆಗೆ ಮುಂಚಿನ ಸೇವೆಗೆ ಹಳೆಯ ಮಿತಿ, ಆಮೇಲಿನ ಸೇವೆಗೆ ಹೊಸ ಮಿತಿ. ಅದೇ ಷರತ್ತು ಮತ್ತೆ ಬಂದರೆ, ಹಳೆಯದರಲ್ಲಿ 9 ವರ್ಷ, ಹೊಸದರಲ್ಲಿ 9 ವರ್ಷ ದುಡಿದವರ ಲೆಕ್ಕ ಹೀಗೆ: 1,929 ಕೂಡಿಸು 3,214, ಒಟ್ಟು 5,143. ಮುಂದಿನ ವರ್ಷವೇ ನಿವೃತ್ತರಾಗುವವರಿಗೆ ಸಿಗುವುದು ಚಿಲ್ಲರೆ. ಆಗಲೇ ನಿವೃತ್ತರಾದವರಿಗೆ ಮಿತಿ ಏರಿದ್ದರಿಂದ ಏನೂ ಇಲ್ಲ, ಅವರಿಗೆ ನೆರವಾಗುವುದು ಕನಿಷ್ಠ ಪಿಂಚಣಿಯ ಏರಿಕೆ ಮಾತ್ರ. ಈ ಎರಡನ್ನೂ ಕಲಸಿ 'ಎಲ್ಲರಿಗೂ ಲಾಭ' ಎನ್ನುವವರ ಮಾತನ್ನು ಸ್ವಲ್ಪ ತಡೆದು ಕೇಳಿ.

ಹಣ ಎಲ್ಲಿಂದ? 15,000ಕ್ಕೆ ಶೇ 8.33 ಅಂದರೆ ತಿಂಗಳಿಗೆ 1,250. 25,000ಕ್ಕೆ 2,083. ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟಿಸಿಕೊಳ್ಳುತ್ತಿರುವವರಿಗೆ ಈ 833 ರೂಪಾಯಿ ಹೊಸದಾಗಿ ಬರುವ ಹಣವಲ್ಲ, ಅವರದೇ ಪಿಎಫ್ ಖಾತೆಯಿಂದ ಪಿಂಚಣಿ ನಿಧಿಗೆ ತಿರುಗುವ ಹಣ. ಬೇಸಿಕ್ 25,000 ಮುಟ್ಟಿದ್ದರೂ ಮಿತಿಗಷ್ಟೇ ಪಿಎಫ್ ಕಟ್ಟುತ್ತಿರುವವರಿಗೆ ಸ್ವಂತ ಕಡಿತ 1,800ರಿಂದ 3,000ಕ್ಕೆ ಏರುತ್ತದೆ, ಕೈಗೆ ಬರುವ ಸಂಬಳ ಅಷ್ಟು ಇಳಿಯುತ್ತದೆ. ಹೊರೆ ಇಲ್ಲದ ಪಿಂಚಣಿ ಇಲ್ಲ, ಸರಿಯೇ. ಸರ್ಕಾರದ ಮೇಲೆ ಎಷ್ಟು ಎಂಬುದನ್ನು ಮಸೂದೆಯ ಜೊತೆಗಿಡುವ ಹಣಕಾಸಿನ ಜ್ಞಾಪನಪತ್ರದಲ್ಲಿ, ಕಾರ್ಮಿಕರ ಮತ್ತು ಮಾಲೀಕರ ಮೇಲೆ ಎಷ್ಟು ಎಂಬುದನ್ನು ಕಲಮುಗಳಲ್ಲೇ ಓದಬೇಕು.

ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡ ತೊಡಕು 10 ವರ್ಷದ ಷರತ್ತು. ತಿಂಗಳ ಪಿಂಚಣಿಗೆ ಕನಿಷ್ಠ 10 ವರ್ಷ ಸೇವೆ ಬೇಕು, ವಯಸ್ಸು 58 ಆಗಬೇಕು. 50 ದಾಟಿದ ಮೇಲೆ ಮೊದಲೇ ಪಡೆಯಬಹುದು, ಆದರೆ ಬೇಗ ಪಡೆದ ಪ್ರತಿ ವರ್ಷಕ್ಕೆ ಶೇ 4 ಕಡಿತ, ಅದೂ ಬದುಕಿರುವಷ್ಟು ಕಾಲ. 12,000 ಸಂಬಳದಲ್ಲಿ ಮೂರು ಫ್ಯಾಕ್ಟರಿಗಳಲ್ಲಿ ನಾಲ್ಕು ನಾಲ್ಕು ವರ್ಷ ದುಡಿದವರಿಗೆ ಸೇವೆ ಕೂಡಿದರೆ 12 ವರ್ಷ, ಪಿಂಚಣಿ 2,057. ಪ್ರತಿ ಸಲ ಕೆಲಸ ಬಿಟ್ಟಾಗಲೂ 10ಸಿ ಫಾರಂ ಹಾಕಿ ಪಿಂಚಣಿ ಪಾಲು ತೆಗೆದುಕೊಂಡರೆ ಸೇವೆ ಸೊನ್ನೆಗೆ ಬೀಳುತ್ತದೆ. ನಾಲ್ಕು ವರ್ಷಕ್ಕೆ ಸುಮಾರು 50,000 ಕೈಗೆ ಬರುತ್ತದೆ, 58ಕ್ಕೆ ಏನೂ ಬರುವುದಿಲ್ಲ. ಹಾಗೆಂದು ಅವರನ್ನು ದೂರುವುದು ಸುಲಭವಲ್ಲ. ಮನೆ ಅಡ್ವಾನ್ಸು, ಮಕ್ಕಳ ಫೀಸು ಈ ದುಡ್ಡಿನಲ್ಲೇ ನಡೆಯಬೇಕು. 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ಹೊಸೂರು ರಸ್ತೆಗಿಳಿದದ್ದು ನಗರಕ್ಕೆ ನೆನಪಿರಬೇಕು. ಪಿಎಫ್‌ನ ಮಾಲೀಕರ ಪಾಲನ್ನು 58ರ ತನಕ ತೆಗೆಯುವಂತಿಲ್ಲ ಎಂಬ ಅಧಿಸೂಚನೆಯನ್ನು ಕೇಂದ್ರ ಏಪ್ರಿಲ್ 19ರಂದು ಹಿಂದಕ್ಕೆ ಪಡೆಯಿತು. ನಲವತ್ತು ದಾಟುವ ಹೊತ್ತಿಗೆ ಮಿಷನ್ನಿಗೆ ಬೇಡವಾಗುವವರಿಗೆ 58 ಎಂಬುದು ಕಾಗದದ ವಯಸ್ಸು. 2025ರ ಅಕ್ಟೋಬರ್ 13ರಂದು ಪಿಎಫ್‌ನ ಕೇಂದ್ರ ಟ್ರಸ್ಟಿಗಳ ಮಂಡಳಿ, ಪಿಂಚಣಿ ಪಾಲು ತೆಗೆಯಲು 2 ತಿಂಗಳ ಬದಲು 36 ತಿಂಗಳು ಕಾಯಬೇಕು ಎಂದು ತೀರ್ಮಾನಿಸಿತು. ಸೇವೆ ಉಳಿಯಲಿ ಎಂಬ ಉದ್ದೇಶ ಒಪ್ಪತಕ್ಕದ್ದು. ಕೆಲಸ ಹೋದವರ ಮೂರು ವರ್ಷ ಹೇಗೆ ಸಾಗಬೇಕು ಎಂಬುದಕ್ಕೆ ಅದರಲ್ಲಿ ಉತ್ತರ ಇಲ್ಲ. ಕೆಲಸ ಬದಲಿಸುವವರು ಹಳೆಯ ಯುಎಎನ್, ಅಂದರೆ ಪಿಎಫ್ ಸದಸ್ಯತ್ವದ ಸಂಖ್ಯೆಯನ್ನೇ ಕೊಡಿ. ಹಳೆಯ ಫ್ಯಾಕ್ಟರಿ ನೀವು ಕೆಲಸ ಬಿಟ್ಟ ದಿನಾಂಕವನ್ನು ಪೋರ್ಟಲ್‌ನಲ್ಲಿ ಹಾಕಿದೆಯೇ ನೋಡಿ, ವರ್ಗಾವಣೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಸದ್ಯಕ್ಕೆ ಬೇರೆ ಕೆಲಸ ಇಲ್ಲದಿದ್ದರೆ ಅದೇ 10ಸಿಯಲ್ಲಿ ಹಣದ ಬದಲು ಸೇವೆಯ ವರ್ಷಗಳನ್ನು ಉಳಿಸಿಡುವ ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು.

ಇನ್ನು ಅಂಗವೈಕಲ್ಯ. ಇಲ್ಲಿ ಮೊತ್ತಕ್ಕಿಂತ ವ್ಯಾಖ್ಯೆಯೇ ಜನರನ್ನು ಹೊರಗಿಡುವುದು. ಪ್ರೆಸ್ ಮಿಷನ್ನಿನಲ್ಲಿ ಒಬ್ಬರ ಹೆಬ್ಬೆರಳು ಹೋಯಿತು ಅನ್ನಿ. ಇಪಿಎಸ್‌ನಲ್ಲಿ ಅಂಗವಿಕಲ ಪಿಂಚಣಿ ಇದೆ, ಅದಕ್ಕೆ 10 ವರ್ಷವೂ ಬೇಡ, ಒಂದು ತಿಂಗಳ ವಂತಿಗೆ ಸಾಕು. ಆದರೆ ವೈಕಲ್ಯ 'ಶಾಶ್ವತ ಮತ್ತು ಸಂಪೂರ್ಣ' ಆಗಿರಬೇಕು. ಹೆಬ್ಬೆರಳಿಗೆ ಅಲ್ಲಿ ಏನೂ ಇಲ್ಲ. ಕಾರ್ಮಿಕರ ವಿಮಾ ಯೋಜನೆಯಾದ ಇಎಸ್ಐ ಬೇರೆ ರೀತಿ ಅಳೆಯುತ್ತದೆ. ಕೆಲಸದಲ್ಲಾದ ಗಾಯದಿಂದ ಸಂಪಾದನೆಯ ಶಕ್ತಿ ಎಷ್ಟು ಹೋಯಿತು ಎಂಬುದು ಅದರ ಪ್ರಶ್ನೆ, ಹೆಬ್ಬೆರಳಿಗೆ ಅನುಸೂಚಿಯಲ್ಲಿ ಶೇ 30. ದಿನದ ಸರಾಸರಿ ಕೂಲಿ 500 ಆದರೆ ಪೂರ್ಣ ದರ ಅದರ ಶೇ 90, ಅಂದರೆ 450. ಅದರ ಶೇ 30, ದಿನಕ್ಕೆ 135 ರೂಪಾಯಿ, ಜೀವನಪೂರ್ತಿ. ಇದು ಕೈತಪ್ಪುವುದು ಅಪಘಾತದ ದಿನವೇ. ಪಕ್ಕದ ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕಿಸಿ, ಮಾಲೀಕರು ಇಎಸ್ಐಗೆ ಅಪಘಾತ ವರದಿ ಕಳಿಸದೆ ಬಿಟ್ಟರೆ, ಮೆಡಿಕಲ್ ಬೋರ್ಡಿನ ಮುಂದೆ ಅದು ಕೆಲಸದಲ್ಲೇ ಆದ ಗಾಯ ಎಂದು ತೋರಿಸಲು ಕಾಗದವೇ ಇರುವುದಿಲ್ಲ. ವರದಿಯ ಪ್ರತಿಯನ್ನು ಅದೇ ವಾರ ಕೇಳಿ ಇಟ್ಟುಕೊಳ್ಳಿ.

ಮೂರನೆಯ ಅಳತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯದ್ದು. ಅದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಹೆಚ್ಚಿನ ಸೌಲಭ್ಯಗಳಿಗೆ ಶೇ 40ರ ಗೆರೆ ಎಳೆಯುತ್ತದೆ. ಅದರ 24ನೇ ಕಲಮಿನಲ್ಲಿ ಬಹಳ ಜನ ಗಮನಿಸದ ಒಂದು ಮಾತಿದೆ: ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ವಿಕಲಚೇತನರಿಗೆ ಕೊಡುವ ನೆರವು, ಅಂಥದ್ದೇ ಯೋಜನೆಯಲ್ಲಿ ಇತರರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ 25 ಹೆಚ್ಚಿರಬೇಕು. ಕೇಂದ್ರದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಲ್ಲಿ 60 ದಾಟಿದವರಿಗೆ 200, ಅಂಗವಿಕಲರಿಗೆ 300. ಲೆಕ್ಕಕ್ಕೆ ಶೇ 25 ದಾಟಿತು. ಆದರೆ ಆ 300ಕ್ಕೆ ಬಡತನದ ರೇಖೆಯ ಕೆಳಗಿರಬೇಕು, ವೈಕಲ್ಯ ಶೇ 80 ಇರಬೇಕು. ಕಾಯ್ದೆ 40 ಎಂದರೆ ಯೋಜನೆ 80 ಎನ್ನುತ್ತದೆ. ನಡುವಿನವರು ರಾಜ್ಯ ಸರ್ಕಾರದ ಪಿಂಚಣಿಗಾಗಿ ನಾಡಕಚೇರಿಗೆ ಹೋಗುತ್ತಾರೆ. ಅಲ್ಲಿ ಸಿಕ್ಕಿದ ಪಿಂಚಣಿ ನಿಂತುಹೋಗುವುದೂ ಉಂಟು. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅವಧಿ ಮುಗಿದಿರುತ್ತದೆ, ಅಥವಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ತಪ್ಪಿರುತ್ತದೆ. ತಾತ್ಕಾಲಿಕ ಪ್ರಮಾಣಪತ್ರ ಇರುವವರು ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಮರುತಪಾಸಣೆಗೆ ಅರ್ಜಿ ಹಾಕುವುದು ಒಳ್ಳೆಯದು.

ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಇನ್ನೊಂದು ಬಗೆಯದು. ಡೆಲಿವರಿ ಮಾಡುವವರಿಗೆ, ಕ್ಯಾಬ್ ಓಡಿಸುವವರಿಗೆ ಕಂಪನಿ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರ ತನಕ ಕಲ್ಯಾಣ ಶುಲ್ಕ, ಅದನ್ನು ಕಂಪನಿಯೇ ಕಟ್ಟಬೇಕು. ಹಣದ ಮೂಲ ಸ್ಪಷ್ಟ. ಅಪಘಾತವಾಗಿ ಕಾಲು ಕಳೆದುಕೊಂಡವರಿಗೆ ಎಷ್ಟು ಎಂಬುದನ್ನು ಆ ಕಾಯ್ದೆಯ ಕಲ್ಯಾಣ ಮಂಡಳಿ ಮುಂದೆ ಯೋಜನೆ ಮಾಡಿ ಹೇಳಬೇಕು. ಇಂಥ ಕಡೆ ಕಾಯ್ದೆಗಿಂತ ಹೆಚ್ಚಾಗಿ ನಿಯಮಗಳ ಕರಡನ್ನೇ ಕಾದು ಓದಬೇಕು.

ಯಾವುದೇ ಕರಡು ರಾಜ್ಯಪತ್ರದಲ್ಲಿ ಬಂದು ಆಕ್ಷೇಪಣೆ ಕರೆದಾಗ, 'ಪಿಂಚಣಿ ಸಾಲದು, ಹೆಚ್ಚಿಸಿ' ಎಂದು ಬರೆದರೆ ಅದು ಫೈಲಿನಲ್ಲಿ ಕೂರುತ್ತದೆ. ಕಲಂ ಸಂಖ್ಯೆ ಹಾಕಿ, ತೆಗೆಯಬೇಕಾದ ಪದ ಯಾವುದು, ಸೇರಿಸಬೇಕಾದ ಸಾಲು ಯಾವುದು ಎಂದು ಬರೆಯಿರಿ. 'ಈ ಮೊತ್ತವನ್ನು ಪ್ರತಿ ವರ್ಷ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ಪರಿಷ್ಕರಿಸತಕ್ಕದ್ದು' ಎಂಬ ಸಾಲಿದ್ದರೂ ಸಾಕು. 'ಪರಿಷ್ಕರಿಸಬಹುದು' ಎಂದಿದ್ದರೆ ಅದಕ್ಕೂ ಆಕ್ಷೇಪಣೆ ಹಾಕಿ. ಕನ್ನಡದಲ್ಲೇ ಬರೆಯಿರಿ, ಕೊನೆಯ ದಿನಾಂಕದೊಳಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ನಮಸ್ಕಾರ.