ಬಲಗಡೆಯ ಸೀಟಿನಲ್ಲಿ ಕುಳಿತವರು

ಕೇಳುಗರಿಗೆ ನಮಸ್ಕಾರ.

ತರಬೇತಿ ವಿಮಾನದಲ್ಲಿ ಎಡಗಡೆ ಕಲಿಯುವವರು ಕೂರುತ್ತಾರೆ, ಬಲಗಡೆ ಕಲಿಸುವವರು. ಆ ಬಲಗಡೆಯ ಸೀಟಿನಲ್ಲಿ ನಾನು ಹನ್ನೊಂದು ವರ್ಷ ಕುಳಿತಿದ್ದೇನೆ. ಕೊನೆಯ ಮೂರು ವರ್ಷ ಮನಸ್ಸು ಮುರಿದುಕೊಂಡೇ ಕುಳಿತಿದ್ದೆ. ಪೈಲಟ್ ವೃತ್ತಿಯ ಬಗ್ಗೆ ಭರವಸೆ ಕಳೆದುಕೊಂಡ ಬೋಧಕರು ಆ ವೃತ್ತಿಗೆ ಬರುವವರಿಗೆ ದಾರಿ ತೋರಿಸಬಹುದೇ ಎಂಬ ಪ್ರಶ್ನೆ ಆ ವರ್ಷಗಳುದ್ದಕ್ಕೂ ನನ್ನನ್ನು ಕಾಡಿದೆ.

ಈ ಬೇಸರ ಹುಟ್ಟುವ ಜಾಗವನ್ನು ಮೊದಲು ಹೇಳುತ್ತೇನೆ. ಅಂತರರಾಷ್ಟ್ರೀಯ ಮಾನದಂಡದಂತೆ ವಾಣಿಜ್ಯ ಪೈಲಟ್ ಪರವಾನಗಿಗೆ ಸಾಮಾನ್ಯವಾಗಿ 200 ಗಂಟೆಗಳ ಹಾರಾಟ ಬೇಕು. ಏರ್‌ಲೈನ್ ಕ್ಯಾಪ್ಟನ್ ಆಗಲು ಬೇಕಾದ ಪರವಾನಗಿಗೆ 1500 ಗಂಟೆ. ನಡುವಿನ ಗಂಟೆಗಳನ್ನು ಸಂಪಾದಿಸಲು ಎಷ್ಟೋ ಮಂದಿ ಬೋಧಕರಾಗುತ್ತಾರೆ. ಹಾರಿದ ಗಂಟೆಗಳನ್ನು ಬರೆದಿಡುವ ಲಾಗ್‌ಬುಕ್ ತುಂಬುವವರೆಗೆ ಎಂದು ಬಂದವರ ಕಣ್ಣಮುಂದೆಯೇ ನೇಮಕಾತಿ ನಿಂತುಹೋಗುತ್ತದೆ, ಸಂಬಳ ಏರುವುದಿಲ್ಲ, ತಾವು ಕಲಿಸಿದ ಹುಡುಗರು ಮುಂದೆ ಹೋಗುತ್ತಾರೆ. ಕಹಿ ಹಾಗೆ ಕೂಡಿಕೊಳ್ಳುತ್ತದೆ.

ಅಮೆರಿಕದಲ್ಲಿ 2009ರ ಫೆಬ್ರುವರಿ 12ರಂದು ಬಫಲೋ ನಗರದ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ಆಮೇಲೆ, 2013ರಲ್ಲಿ, ಅಲ್ಲಿ ಏರ್‌ಲೈನ್‌ನ ಸಹಪೈಲಟ್‌ಗೂ ಸಾಮಾನ್ಯವಾಗಿ 1500 ಗಂಟೆಗಳ ನಿಯಮ ಬಂತು. ಆದರೆ ಆ ವಿಮಾನದಲ್ಲಿದ್ದ ಇಬ್ಬರು ಪೈಲಟ್‌ಗಳಿಗೂ ಅದಕ್ಕಿಂತ ಹೆಚ್ಚಿನ ಅನುಭವ ಇದ್ದೇ ಇತ್ತು. ವೇಗ ಕುಸಿದು ಸ್ಟಾಲ್ (ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರದ ಸ್ಥಿತಿ) ಎಚ್ಚರಿಕೆ ಬಂದಾಗ ಮೂತಿಯನ್ನು ಕೆಳಗೆ ಬಾಗಿಸಬೇಕಿತ್ತು. ಕ್ಯಾಪ್ಟನ್ ನಿಯಂತ್ರಣದ ಹಿಡಿಯನ್ನು ಹಿಂದಕ್ಕೆ ಎಳೆದರು, ಮೂತಿ ಮೇಲೆದ್ದಿತು. ಸ್ಟಾಲ್‌ನಿಂದ ಹೊರಬರುವುದು ಆರಂಭದ ಪಾಠಗಳಲ್ಲೊಂದು. ಆರಂಭದ ಪಾಠ ಹೇಳಿಕೊಡುವವರ ಮನಸ್ಸು ಎಲ್ಲಿದೆ ಎಂಬುದು ನನಗೆ ಇಷ್ಟು ಮುಖ್ಯವಾಗುವುದು ಅದಕ್ಕೇ.

ನನ್ನದೇ ಒಂದು ಬೆಳಗು ನೆನಪಾಗುತ್ತದೆ. ಹಾರುವ ಮುನ್ನ ಟ್ಯಾಂಕಿನ ಅಡಿಯಿಂದ ಸ್ವಲ್ಪ ಇಂಧನವನ್ನು ಪುಟ್ಟ ಪಾರದರ್ಶಕ ಕಪ್ಪಿಗೆ ಬಸಿದು ಬೆಳಕಿಗೆ ಹಿಡಿಯುತ್ತೇವೆ. ನೀರು ಸೇರಿದ್ದರೆ ಅದು ಇಂಧನಕ್ಕಿಂತ ಭಾರ, ಕಪ್ಪಿನ ತಳದಲ್ಲಿ ಗುಳ್ಳೆಯಂತೆ ನಿಲ್ಲುತ್ತದೆ. ಅಂದು ನನಗೆ ಏನೂ ಬೇಡವಾಗಿತ್ತು. ಕಪ್ಪನ್ನು ಎತ್ತಿದೆ, ನೋಡದೆಯೇ ಚೆಲ್ಲಿದೆ. ಮರುದಿನ ನನ್ನ ವಿದ್ಯಾರ್ಥಿನಿ ಅದೇ ಕಪ್ಪನ್ನು ಅದೇ ರೀತಿ ಎತ್ತಿ, ನೋಡದೆಯೇ ಚೆಲ್ಲಿದಳು. ನನ್ನ ಕೈಯ ಅಲಕ್ಷ್ಯ ಅವಳ ಕೈಗೆ ಇಳಿದಿತ್ತು. ನಾನು ಅವಳಿಗೆ ವೃತ್ತಿಯ ಬಗ್ಗೆ ಒಂದೇ ಒಂದು ಕೆಟ್ಟ ಮಾತು ಆಡಿರಲಿಲ್ಲ.

ಆದ್ದರಿಂದ ನನ್ನ ನಿಲುವು ಇದು: ವೃತ್ತಿಯ ವ್ಯವಸ್ಥೆಯ ಮೇಲೆ ಬೇಸತ್ತವರು ದಾರಿ ತೋರಿಸಲಿ, ಖಂಡಿತ ತೋರಿಸಲಿ. ಎದುರಿಗಿರುವ ವಿದ್ಯಾರ್ಥಿಯ ಮೇಲೆಯೇ ಬೇಸತ್ತವರು ಆ ಸೀಟಿನಿಂದ ಇಳಿಯಲಿ, ಸ್ವಲ್ಪ ಕಾಲಕ್ಕಾದರೂ. ಮೊದಲನೆಯವರಿಗೆ ಗೊತ್ತಿರುವ ಸತ್ಯ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ. ಸಾಲ ಮಾಡುವ ಮೊದಲು ವಾಣಿಜ್ಯ ಪೈಲಟ್‌ಗೆ ಬೇಕಾದ ಒಂದನೇ ದರ್ಜೆಯ ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳಿ, ಕಣ್ಣಿನದೋ ಹೃದಯದದೋ ತೊಂದರೆ ಆಮೇಲೆ ತಿಳಿದರೆ ಹಣವೆಲ್ಲ ಹೋದಂತೆಯೇ ಎನ್ನುವವರು ಅವರೇ. ಪೂರ್ತಿ ಶುಲ್ಕವನ್ನು ಮುಂಗಡವಾಗಿ ಕಟ್ಟಬೇಡಿ, ಶಾಲೆ ಮುಚ್ಚಿದರೆ ಅದು ವಾಪಸ್ ಬರುವುದು ಕಷ್ಟ ಎನ್ನುವವರೂ ಅವರೇ. ಎಷ್ಟೋ ಏರ್‌ಲೈನ್‌ಗಳಲ್ಲಿ ಎಲ್ಲವೂ ಸೇವಾ ಹಿರಿತನದ ಮೇಲೆ ನಿಂತಿದೆ, ಸಂಸ್ಥೆ ಬದಲಿಸಿದರೆ ಪಟ್ಟಿಯ ಕೊನೆಯಿಂದ ಶುರು ಮಾಡಬೇಕಾಗುತ್ತದೆ ಎಂಬುದನ್ನು ಅನುಭವಿಸಿದವರೇ ಹೇಳಬೇಕು. 2020ರಲ್ಲಿ ವಿಮಾನಗಳು ಸಾಲಾಗಿ ನಿಂತಾಗ ಏನಾಯಿತು ಎಂಬುದನ್ನೂ.

ಆದರೆ ಇದನ್ನೆಲ್ಲ ನೆಲದ ಮೇಲೆ ಹೇಳಬೇಕು. ಎಂಜಿನ್ ಚಾಲೂ ಆದ ಮೇಲೆ ಆ ಹೊತ್ತು ಪೂರ್ತಿ ವಿದ್ಯಾರ್ಥಿಯದು. ಅದಕ್ಕೆ ಅವರು ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟಿರುತ್ತಾರೆ. ಇಳಿಯಲು ಬರುತ್ತಾ ರನ್‌ವೇ ಹತ್ತಿರವಾಗುತ್ತಿರುವಾಗ ಬಲಗಡೆಯಿಂದ ಬರುವ ಒಂದು ನಿಟ್ಟುಸಿರನ್ನೂ ಎಡಗಡೆಯವರು ತಮ್ಮ ತಪ್ಪೆಂದೇ ತಿಳಿಯುತ್ತಾರೆ.

ಆ ವಿದ್ಯಾರ್ಥಿನಿ ಒಂದು ಸಂಜೆ ನೇರವಾಗಿ ಕೇಳಿದಳು: "ಸರ್, ನಿಮ್ಮ ಮಗಳು ಈ ಕೆಲಸಕ್ಕೆ ಬರುತ್ತೇನೆ ಎಂದರೆ ಒಪ್ಪುತ್ತೀರಾ?" ನಾನು ತಕ್ಷಣ ಉತ್ತರಿಸಲಿಲ್ಲ. ನನ್ನ ಲಾಗ್‌ಬುಕ್ ತೆಗೆದು, ಕೆಲಸವಿಲ್ಲದೆ ಕಳೆದ ಹದಿನಾಲ್ಕು ತಿಂಗಳ ಖಾಲಿ ಜಾಗವನ್ನು ತೋರಿಸಿದೆ. ಹಿಂದಿನ ಪುಟ ತಿರುಗಿಸಿ, ನಾನು ಒಬ್ಬನೇ ಮೊದಲ ಬಾರಿ ಹಾರಿದ ದಿನದ ಸಾಲನ್ನೂ ತೋರಿಸಿದೆ. ಎರಡನ್ನೂ ಓದಿದಳು. ನಾಳೆ ಎಷ್ಟು ಗಂಟೆಗೆ ಬರಲಿ ಸರ್ ಎಂದಳು. ಆರಕ್ಕೆ ಬಾ ಎಂದೆ. ಬೆಳಿಗ್ಗೆ ನಾವಿಬ್ಬರೂ ಆ ಕಪ್ಪನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆವು.