ಯಾರಿಗೆ, ಯಾವತ್ತು, ಎಲ್ಲಿ: ಹಾಸ್ಟೆಲ್, ಆಶ್ರಯಮನೆ, ಆಸ್ಪತ್ರೆಗಳಲ್ಲಿ ಸಾಂಕ್ರಾಮಿಕ ರೋಗದ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

2010ರ ಆಗಸ್ಟ್ ತಿಂಗಳು. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿವಾಸಿಗಳು ತೀರಿಕೊಂಡರು. ವಾಂತಿಭೇದಿಯ ಮಾತು ಕೇಳಿಬಂತು. ಅದಕ್ಕೂ ಹಿಂದಿನ ತಿಂಗಳುಗಳಲ್ಲೇ ಅಲ್ಲಿ ಸಾವುಗಳು ಒಂದರ ಹಿಂದೊಂದು ಆಗುತ್ತಿದ್ದವು ಎಂಬುದು ಸುದ್ದಿ ಹೊರಬಿದ್ದ ಮೇಲೆ ತಿಳಿಯಿತು. ಬಿಡಿಬಿಡಿ ಸಾವುಗಳೆಲ್ಲ ಒಟ್ಟು ಲೆಕ್ಕವಾಗಿ ನಾಡಿನ ಮುಂದೆ ಬಂದದ್ದು ಆಗಸ್ಟ್‌ನಲ್ಲಿ.

ಬಾಲಮಂದಿರ, ವಸತಿ ಶಾಲೆ, ಹಿಂದುಳಿದ ವರ್ಗಗಳ ಹಾಸ್ಟೆಲ್, ವೃದ್ಧಾಶ್ರಮ, ಬುದ್ಧಿಮಾಂದ್ಯರ ಮನೆ, ಮಾನಸಿಕ ಆಸ್ಪತ್ರೆಯ ವಾರ್ಡು ಇವೆಲ್ಲ ಒಂದೇ ಅಡುಗೆಮನೆ, ಒಂದೇ ನೀರಿನ ಟ್ಯಾಂಕು, ಒತ್ತೊತ್ತಾಗಿ ಹಾಕಿದ ಹಾಸಿಗೆಗಳ ಜಾಗಗಳು. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಯಾರಿಗೆ ಜ್ವರ, ಯಾರಿಗೆ ಭೇದಿ ಎಂದು ವಿಚಾರಿಸುತ್ತಾರೆ. ಇಂಥ ಸಂಸ್ಥೆಗಳ ಗೇಟು ದಾಟಿ ಒಳಗೆ ಹೋಗಿ ಆ ಪ್ರಶ್ನೆ ಕೇಳುವವರು ಕಡಿಮೆ.

ಸರ್ಕಾರದ ವ್ಯವಸ್ಥೆ ಇಲ್ಲವೆಂದಲ್ಲ. 2004ರಲ್ಲಿ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ, ಅಂದರೆ ಐಡಿಎಸ್‌ಪಿ, ಶುರುವಾಯಿತು. ರೋಗಲಕ್ಷಣ ಕಂಡವರ ಲೆಕ್ಕವನ್ನು ಆರೋಗ್ಯ ಕಾರ್ಯಕರ್ತರು 'ಎಸ್' ನಮೂನೆಯಲ್ಲಿ ಬರೆಯುತ್ತಾರೆ. ವೈದ್ಯರು ನೋಡಿ ಇಂಥದ್ದೇ ಇರಬೇಕೆಂದು ಅಂದಾಜಿಸಿದ್ದು 'ಪಿ' ನಮೂನೆಗೆ, ಪ್ರಯೋಗಾಲಯ ಖಚಿತಪಡಿಸಿದ್ದು 'ಎಲ್' ನಮೂನೆಗೆ. ಈಗ ಈ ಕೆಲಸ ಐಎಚ್‌ಐಪಿ ಎಂಬ ಪೋರ್ಟಲ್‌ನಲ್ಲಿ ನಡೆಯುತ್ತದೆ. 2018ರ ನವೆಂಬರ್‌ನಲ್ಲಿ ಅದು ಮೊದಲು ಬಂದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಆದರೂ ಕೇಸುಗಳು ಎಲ್ಲಿ ತಪ್ಪಿಹೋಗುತ್ತವೆ ನೋಡಿ. ಹಾಸ್ಟೆಲೊಂದರಲ್ಲಿ ಒಂಬತ್ತು ಮಕ್ಕಳಿಗೆ ಭೇದಿ ಶುರುವಾಯಿತೆಂದಿಟ್ಟುಕೊಳ್ಳಿ. ಮೂವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರು. ನಾಲ್ವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಇಬ್ಬರನ್ನು ಅಪ್ಪ ಅಮ್ಮ ಬಂದು ಊರಿಗೆ ಕರೆದುಕೊಂಡು ಹೋಗಿ ಖಾಸಗಿ ಕ್ಲಿನಿಕ್ಕಿಗೆ ತೋರಿಸಿದರು. ಪೋರ್ಟಲ್‌ನಲ್ಲಿ ಈಗ ಮೂರು ಕಡೆ ಮೂರು ಚಿಕ್ಕ ಸಂಖ್ಯೆಗಳು. ಒಂದಕ್ಕೂ ಎಚ್ಚರಿಕೆಯ ಗಂಟೆ ಬಾರಿಸುವಷ್ಟು ತೂಕವಿಲ್ಲ. ಒಂಬತ್ತು ಎಂಬ ಸಂಖ್ಯೆ ಗೊತ್ತಿರುವುದು ಹಾಸ್ಟೆಲಿಗೆ ಮಾತ್ರ. ಆದ್ದರಿಂದ ಮೊದಲ ಲೆಕ್ಕ ಹುಟ್ಟಬೇಕಾದದ್ದು ಆಸ್ಪತ್ರೆಯಲ್ಲಲ್ಲ, ನಿಲಯಪಾಲಕರ ಮೇಜಿನ ಮೇಲೆ.

ಅದಕ್ಕೆ ಕಂಪ್ಯೂಟರ್ ಬೇಕಿಲ್ಲ. ಇನ್ನೂರು ಪುಟದ ಒಂದು ರಿಜಿಸ್ಟರ್ ಸಾಕು. ಆರೋಗ್ಯ ಇಲಾಖೆಯವರು ಇದನ್ನು ಲೈನ್ ಲಿಸ್ಟ್ ಎನ್ನುತ್ತಾರೆ. ಒಬ್ಬ ರೋಗಿಗೆ ಒಂದು ಸಾಲು. ಕ್ರಮಸಂಖ್ಯೆ, ಹೆಸರು, ವಯಸ್ಸು, ಗಂಡು ಹೆಣ್ಣು, ಕೊಠಡಿ ಮತ್ತು ಮಂಚದ ಸಂಖ್ಯೆ, ಲಕ್ಷಣ ಮೊದಲು ಕಂಡ ದಿನ ಮತ್ತು ಗಂಟೆ, ಏನು ಲಕ್ಷಣ, ಎಲ್ಲಿ ತೋರಿಸಿದರು, ಮಾದರಿ ತೆಗೆದರೋ ಇಲ್ಲವೋ, ಫಲಿತಾಂಶ, ಈಗ ಹೇಗಿದ್ದಾರೆ. ಲಕ್ಷಣವನ್ನು ಕಂಡಂತೆ ಬರೆಯಿರಿ. 'ಹೊಟ್ಟೆ ಕೆಟ್ಟಿದೆ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. '24 ಗಂಟೆಯಲ್ಲಿ ಐದು ಸಲ ನೀರುಭೇದಿ, ಎರಡು ಸಲ ವಾಂತಿ, ಜ್ವರ ಇಲ್ಲ' ಎಂದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋದರೆ ಅದನ್ನು ಅತಿಸಾರವೆಂದು ಎಣಿಸುತ್ತಾರೆ.

ಈ ರಿಜಿಸ್ಟರಿನಲ್ಲಿ ಅತಿ ಹೆಚ್ಚು ತಪ್ಪಾಗುವುದು ದಿನಾಂಕದಲ್ಲಿ. ಆಸ್ಪತ್ರೆಗೆ ಸೇರಿಸಿದ ದಿನ, ವರದಿ ಬಂದ ದಿನ, ವಾರ್ಡನ್ನರಿಗೆ ಹೇಳಿದ ದಿನ, ಇವು ಯಾವುವೂ ಕಾಯಿಲೆ ಶುರುವಾದ ದಿನವಲ್ಲ. ಮಂಗಳವಾರ ರಾತ್ರಿ ಭೇದಿ ಶುರುವಾದ ಹುಡುಗ ಗುರುವಾರ ಬಾಯಿಬಿಟ್ಟರೆ, ಬರೆಯಬೇಕಾದದ್ದು ಮಂಗಳವಾರ ರಾತ್ರಿಯೆಂದೇ. ಕಾರಣವಿಷ್ಟೆ: ಶುರುವಾದ ಗಂಟೆಗಳನ್ನು ಸಾಲಾಗಿ ಜೋಡಿಸಿದಾಗಲೇ ಮೂಲ ಎಲ್ಲಿದೆ ಎಂಬ ಸುಳಿವು ಸಿಗುವುದು. ಊಟವಾಗಿ ಎರಡು ಮೂರು ಗಂಟೆಗೆ ಎಲ್ಲರೂ ಒಟ್ಟಿಗೇ ವಾಂತಿ ಮಾಡಿಕೊಂಡರೆ ಆ ಊಟದ ಮೇಲೆ ಅನುಮಾನ. ದಿನಾ ಇಬ್ಬರು ಮೂವರಂತೆ ವಾರಗಟ್ಟಲೆ ಹೊಸಬರು ಬೀಳುತ್ತಿದ್ದರೆ ನೀರಿನ ಮೇಲೆ, ಇಲ್ಲವೇ ಒಬ್ಬರಿಂದೊಬ್ಬರಿಗೆ ಹರಡುವಿಕೆಯ ಮೇಲೆ. ಎಲ್ಲರಿಗೂ ಆಸ್ಪತ್ರೆಗೆ ಹೋದ ದಿನವನ್ನೇ ಬರೆದರೆ ಈ ಎರಡೂ ಚಿತ್ರ ಒಂದೇ ಥರ ಕಾಣುತ್ತವೆ.

ಅಡುಗೆಯವರು, ಕಾವಲುಗಾರರು, ಸ್ವಚ್ಛತಾ ಸಿಬ್ಬಂದಿ, ಆಯಾಗಳು ಇವರ ಹೆಸರೂ ಇದೇ ಪುಸ್ತಕದಲ್ಲಿ ಇರಬೇಕು. ಬಹಳ ಕಡೆ ನಿವಾಸಿಗಳನ್ನಷ್ಟೇ ಬರೆಯುತ್ತಾರೆ. ಆದರೆ ಹೊರಗಿನಿಂದ ರೋಗ ಒಳಗೆ ಬರುವುದೂ, ಒಂದು ಕೊಠಡಿಯಿಂದ ಇನ್ನೊಂದಕ್ಕೆ ದಾಟುವುದೂ ಹೆಚ್ಚಾಗಿ ಓಡಾಡುವವರ ಜೊತೆ. ರಜೆ ಹಾಕಿದರೆ ಕೂಲಿ ಕಡಿತವಾಗುವ ಗುತ್ತಿಗೆ ನೌಕರರು ಭೇದಿಯಿದ್ದರೂ ಹೇಳುವುದಿಲ್ಲ. ಭೇದಿ ನಿಂತು 48 ಗಂಟೆ ಆಗುವವರೆಗೆ ಅವರು ಅಡುಗೆಮನೆಯ ಆಚೆ ಇರಬೇಕು, ಆ ದಿನಗಳ ಸಂಬಳ ಕೈತಪ್ಪಬಾರದು. ಇದನ್ನು ನಾವು ಒತ್ತಿ ಹೇಳುತ್ತೇವೆ, ಏಕೆಂದರೆ ಸಂಬಳದ ಭಯವಿರುವ ಕಡೆ ಯಾವ ರಿಜಿಸ್ಟರೂ ನಿಜ ಹೇಳುವುದಿಲ್ಲ.

ಯಾರಿಗೂ ಏನೂ ಇಲ್ಲದ ದಿನ ಪುಟವನ್ನು ಖಾಲಿ ಬಿಡಬೇಡಿ, 'ಸೊನ್ನೆ' ಎಂದು ಬರೆದು ಸಹಿ ಹಾಕಿ. ಖಾಲಿ ಪುಟವೆಂದರೆ ಕಾಯಿಲೆ ಇಲ್ಲವೆಂದೋ, ನೋಡಿದವರಿಲ್ಲವೆಂದೋ ಗೊತ್ತಾಗುವುದಿಲ್ಲ. ಬಾಯಿಬಿಟ್ಟು ಹೇಳಲಾಗದವರು ಇರುವ ಮನೆಗಳಲ್ಲಿ ಸೊನ್ನೆ ಬರೆಯುವ ಮುಂಚೆ ಒಂದು ಸುತ್ತು ಹಾಕಿ. ಯಾರ ತಟ್ಟೆಯಲ್ಲಿ ಊಟ ಉಳಿದಿದೆ, ಯಾರ ಹಾಸಿಗೆ ಒದ್ದೆಯಾಗಿದೆ, ದಿನಾ ಓಡಾಡುವವರು ಯಾರು ಇವತ್ತು ಎದ್ದಿಲ್ಲ, ಯಾರು ಬೆರಳ ಸಂದಿ ಕೆರೆದುಕೊಳ್ಳುತ್ತಿದ್ದಾರೆ. ಬುದ್ಧಿಮಾಂದ್ಯರಲ್ಲೂ ತೀರಾ ವಯಸ್ಸಾದವರಲ್ಲೂ ಸೋಂಕು ಜ್ವರವಾಗಿ ಕಾಣುವ ಬದಲು ಮಂಕಾಗಿಯೋ ಸಿಡಿಮಿಡಿಯಾಗಿಯೋ ಕಾಣಬಹುದು.

ಇನ್ನು, ಫೋನ್ ಯಾವಾಗ ಮಾಡಬೇಕು? ಒಂದೇ ಕೊಠಡಿಯ ಇಬ್ಬರಿಗೆ 24 ಗಂಟೆಯೊಳಗೆ ವಾಂತಿಭೇದಿಯಾದರೆ ಸಂಜೆಯವರೆಗೂ ಕಾಯಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಸಿ. ಐದು ವರ್ಷ ದಾಟಿದ ಒಬ್ಬರೇ ಒಬ್ಬರು ಭೇದಿಯಿಂದ ಕಣ್ಣು ಗುಳಿಬಿದ್ದು, ಮೂತ್ರ ನಿಂತು, ಏಳಲಾರದಷ್ಟು ನಿತ್ರಾಣರಾದರೂ ಸಾಕು, ಕಾಲರಾ ಇರಬಹುದೆಂದೇ ತಿಳಿದು ತಾಲ್ಲೂಕು ಆರೋಗ್ಯಾಧಿಕಾರಿಯವರೆಗೆ ಮಾತು ಹೋಗಬೇಕು. ದಡಾರದ ಹಾಗೆ ಕಾಣುವ ಒಂದೇ ಕೇಸಿಗೂ ಇದೇ ಮಾತು. 104 ಸಹಾಯವಾಣಿಯೂ ಇದೆ. ಪ್ರಯೋಗಾಲಯದ ವರದಿ ಬರಲಿ, ಆಮೇಲೆ ಹೇಳೋಣ ಎನ್ನುವುದು ದೊಡ್ಡ ಅನಾಹುತ. ತಿಳಿಸಲು ಅನುಮಾನವೇ ಸಾಕು.

ಮೊದಲ ದಿನ ಬಿಟ್ಟರೆ ಮತ್ತೆ ಸಿಗದ ವಸ್ತುಗಳಿವೆ. ಮಲದ ಮಾದರಿಯನ್ನು ಆ್ಯಂಟಿಬಯೋಟಿಕ್ ಕೊಡುವ ಮುಂಚೆ ತೆಗೆಯಬೇಕು. ಕೊಟ್ಟ ಮೇಲೆ ತೆಗೆದರೆ ರೋಗಾಣು ಬೆಳೆಯದೆ 'ಏನೂ ಸಿಗಲಿಲ್ಲ' ಎಂಬ ವರದಿ ಬರುತ್ತದೆ, ಜನ ಅದನ್ನು 'ಏನೂ ಇಲ್ಲ' ಎಂದು ಓದಿಕೊಳ್ಳುತ್ತಾರೆ. ಕಾಲರಾ ಅನುಮಾನವಿದ್ದರೆ ಕೇರಿ ಬ್ಲೇರ್ ಮಾಧ್ಯಮದಲ್ಲಿ, ಅಂದರೆ ದಾರಿಯಲ್ಲಿ ರೋಗಾಣು ಸಾಯದಂತೆ ಕಾಪಾಡುವ ದ್ರವ್ಯದಲ್ಲಿ, ಕಳಿಸುತ್ತಾರೆ. ನೀರಿನ ಮಾದರಿಯನ್ನು ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವ ಮುಂಚೆ, ಪ್ರಯೋಗಾಲಯದವರು ಕೊಟ್ಟ ಶುದ್ಧ ಬಾಟಲಿಯಲ್ಲೇ ಹಿಡಿಯಬೇಕು. ತಂಪಾಗಿಟ್ಟು 24 ಗಂಟೆಯೊಳಗೆ ಪರೀಕ್ಷೆಗೆ ತಲುಪಿಸಬೇಕು. ಗಾಬರಿಯಲ್ಲಿ ಮೊದಲು ಟ್ಯಾಂಕು ತೊಳೆದು ಆಮೇಲೆ ನೀರು ಹಿಡಿಯುವುದು ನಮ್ಮಲ್ಲಿ ಮಾಮೂಲಾಗಿಬಿಟ್ಟಿದೆ. ಹಾಗಾಗಬಾರದು. ಮಾದರಿ ತೆಗೆದ ಮೇಲೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪುಡಿ, ಅಂದರೆ ಹತ್ತು ಸಾವಿರ ಲೀಟರಿನ ಸಂಪಿಗೆ 25 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಸುರಿದು, ಒಂದು ಗಂಟೆ ಬಿಟ್ಟು ಕ್ಲೋರೋಸ್ಕೋಪಿನಲ್ಲಿ, ಅಂದರೆ ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಸಾಧನದಲ್ಲಿ, ನೋಡಬೇಕು. ರೋಗ ಹರಡುವ ಕಾಲದಲ್ಲಿ ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿದಿಲ್ಲವೆಂದರೆ ನೀರು ಕೊಳಕಿರಬಹುದು, ಅಥವಾ ಬಾಯಿ ಕಟ್ಟದೆ ಬಿಟ್ಟ ಚೀಲದ ಪುಡಿ ಸತ್ವ ಕಳೆದುಕೊಂಡಿರಬಹುದು.

ಊಟದ ಮೇಲೆ ಅನುಮಾನವಿದ್ದರೆ ಕಾಯಿಲೆ ಬಿದ್ದವರನ್ನಷ್ಟೇ ಕೇಳಿದರೆ ಸಾಲದು. ಒಂದು ಉದಾಹರಣೆ ಹೇಳುತ್ತೇವೆ, ಕಾಗದವಿದ್ದರೆ ಬರೆದುಕೊಳ್ಳಿ. ಹಾಸ್ಟೆಲಿನಲ್ಲಿ 120 ಮಕ್ಕಳು. ಬೆಳಿಗ್ಗೆ ಚಿತ್ರಾನ್ನ ತಿಂದವರು 80, ಅವರಲ್ಲಿ 24 ಮಂದಿಗೆ ಕಾಯಿಲೆ. ತಿನ್ನದವರು 40, ಅವರಲ್ಲಿ ಇಬ್ಬರಿಗೆ. ತಿಂದವರಲ್ಲಿ ನೂರಕ್ಕೆ 30, ತಿನ್ನದವರಲ್ಲಿ ನೂರಕ್ಕೆ 5. ಆರು ಪಟ್ಟು ವ್ಯತ್ಯಾಸ. ಚಟ್ನಿಗೂ, ಮಜ್ಜಿಗೆಗೂ ಇದೇ ಲೆಕ್ಕ ಹಾಕಿ ನೋಡಿ. ಕಾಯಿಲೆ ಬಿದ್ದ 26 ಮಂದಿಯನ್ನು ಮಾತ್ರ ಕೇಳಿದ್ದರೆ ಎಲ್ಲರೂ ನೀರು ಕುಡಿದಿದ್ದರು, ಎಲ್ಲರೂ ಅನ್ನ ಉಂಡಿದ್ದರು ಎಂಬ ಉತ್ತರ ಸಿಗುತ್ತಿತ್ತು, ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಪ್ರತಿ ಊಟದ ಪ್ರತಿ ಪದಾರ್ಥದಿಂದ ಒಂದಿಷ್ಟನ್ನು ಮುಚ್ಚಿದ ಡಬ್ಬಿಯಲ್ಲಿ 48 ಗಂಟೆ ಫ್ರಿಜ್ಜಿನಲ್ಲಿಡುವ ಅಭ್ಯಾಸವಿದ್ದರೆ ಈ ಅನುಮಾನವನ್ನು ಪರೀಕ್ಷೆಗೂ ಒಡ್ಡಬಹುದು.

ಕಜ್ಜಿ, ಸೀತಾಳೆ ಸಿಡುಬುಗಳ ದಾರಿ ಬೇರೆ. ಮೊದಲ ಸಲ ಕಜ್ಜಿ ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಆದ್ದರಿಂದ ಕೆರೆದುಕೊಳ್ಳುವವರಿಗೆ ಮಾತ್ರ ಮುಲಾಮು ಹಚ್ಚಿದರೆ ತಿಂಗಳಿಗೆ ಮತ್ತೆ ಅದೇ ಕಥೆ. ವೈದ್ಯರ ಸಲಹೆಯಂತೆ ಕೊಠಡಿಯ ಎಲ್ಲರಿಗೂ ಒಂದೇ ರಾತ್ರಿ ಹಚ್ಚಿ, ವಾರದ ನಂತರ ಇನ್ನೊಮ್ಮೆ ಹಚ್ಚಬೇಕು. ಹೊದಿಕೆ ಬಟ್ಟೆಗಳನ್ನೂ ಅದೇ ದಿನ ಬಿಸಿನೀರಿನಲ್ಲಿ ಒಗೆಯಬೇಕು. ಸೀತಾಳೆಯಾದರೆ 'ಅಮ್ಮ ಬಂದಿದೆ' ಎಂದು ಮಗುವನ್ನು ಬಸ್ಸು ಹತ್ತಿಸಿ ಊರಿಗೆ ಕಳಿಸಿಬಿಡುತ್ತಾರೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಎಲ್ಲ ಗುಳ್ಳೆಗಳೂ ಒಣಗಿ ಹೊಪ್ಪಳೆಗಟ್ಟುವವರೆಗೆ ಅದು ಹರಡುತ್ತದೆ. ಬಸ್ಸಿನಲ್ಲಿ ಪಕ್ಕ ಕೂತ ಗರ್ಭಿಣಿಗೆ ತಗುಲಿದರೆ ಅಪಾಯ ಸಣ್ಣದಲ್ಲ. ಬೇರೆ ಕೊಠಡಿಯಲ್ಲಿಟ್ಟು ನೋಡಿಕೊಳ್ಳುವುದು ಲೇಸು.

ಆಸ್ಪತ್ರೆಯ ವಾರ್ಡಿನಲ್ಲಿ ಕೇಳಬೇಕಾದ ಹೆಚ್ಚಿನ ಪ್ರಶ್ನೆ ಒಂದೇ: ಸೋಂಕು ಹೊರಗಿನಿಂದ ಬಂದದ್ದೋ, ಒಳಗೇ ಹತ್ತಿದ್ದೋ? ದಾಖಲಾಗಿ 48 ಗಂಟೆ ಕಳೆದ ಮೇಲೆ ಶುರುವಾದದ್ದನ್ನು ಸಾಮಾನ್ಯವಾಗಿ ಆಸ್ಪತ್ರೆಯ ಸೋಂಕೆಂದು ಎಣಿಸುತ್ತಾರೆ. ಆದರೆ ಸೀತಾಳೆ ತಗುಲಿ 10ರಿಂದ 21 ದಿನಕ್ಕೆ ಹೊರಬೀಳುವಂಥದ್ದು, ಅದಕ್ಕೆ ಈ 48 ಗಂಟೆಯ ಗೆರೆ ಹೊಂದುವುದಿಲ್ಲ. ಆಸ್ಪತ್ರೆ ಆಸ್ಪತ್ರೆಯನ್ನು ಹೋಲಿಸುವಾಗಲೂ ಬರಿಯ ಕೇಸುಗಳ ಸಂಖ್ಯೆ ಮೋಸ ಮಾಡುತ್ತದೆ. ಸಾವಿರ ರೋಗಿದಿನಗಳಿಗೆ ಎಷ್ಟು ಎಂದು ನೋಡಬೇಕು; ಒಬ್ಬ ರೋಗಿ ಒಂದು ದಿನ ಆಸ್ಪತ್ರೆಯಲ್ಲಿದ್ದರೆ ಅದು ಒಂದು ರೋಗಿದಿನ.

ಮೇಲಿನ ಕಚೇರಿಗೆ ಕಳಿಸುವ ವರದಿಯಲ್ಲಿ ಎರಡು ಗೊಂದಲ ಪದೇ ಪದೇ ಆಗುತ್ತವೆ. ಒಬ್ಬರನ್ನೇ ಹಾಸ್ಟೆಲೂ ಆಸ್ಪತ್ರೆಯೂ ಬರೆದು ಇಬ್ಬರಾಗುವುದು ಒಂದು. ಇವತ್ತು ಕಾಯಿಲೆಯಲ್ಲಿರುವವರನ್ನೂ, ಮೊದಲಿನಿಂದ ಈವರೆಗಿನ ಒಟ್ಟನ್ನೂ ಒಂದೇ ಕಾಲಮ್ಮಿಗೆ ತುರುಕುವುದು ಇನ್ನೊಂದು. ಹೆಸರು, ವಯಸ್ಸು, ವಾಸದ ಸ್ಥಳ ತಾಳೆ ನೋಡಿದರೆ ಮೊದಲನೆಯದು ತಪ್ಪುತ್ತದೆ. 'ಹೊಸ', 'ಗುಣವಾದ', 'ಈಗ ಇರುವ', 'ಒಟ್ಟು' ಎಂದು ನಾಲ್ಕು ಕಾಲಮ್ಮು ಮಾಡಿದರೆ ಎರಡನೆಯದು. ಹೆಸರಿರುವ ಪಟ್ಟಿ ನೋಟಿಸ್ ಬೋರ್ಡಿಗೂ, ವಾಟ್ಸ್ಆ್ಯಪ್ ಗುಂಪಿಗೂ ಹೋಗಕೂಡದು. ಕ್ಷಯವೆಂದು ಹೆಸರು ಹೊರಬಿದ್ದ ಹುಡುಗಿಯ ನಂತರ ಕೆಮ್ಮು ಬಂದವರೆಲ್ಲ ಬಚ್ಚಿಡಲು ಕಲಿಯುತ್ತಾರೆ. ಎರಡು ವಾರ ದಾಟಿದ ಕೆಮ್ಮು ಹೇಳಿಕೊಳ್ಳಲು ಅವರಿಗೆ ಧೈರ್ಯ ಇರಬೇಕು.

ಪುಸ್ತಕವನ್ನು ಯಾವಾಗ ಮುಚ್ಚಬೇಕು ಎಂದು ಕೇಳುವಿರಿ. ಕೊನೆಯ ಹೊಸ ಕೇಸಿನ ನಂತರ ಆ ರೋಗದ ಕಾವುಗಾಲದ, ಅಂದರೆ ಸೋಂಕು ತಗುಲಿ ಲಕ್ಷಣ ಕಾಣಲು ಹಿಡಿಯುವ ಅತಿ ಹೆಚ್ಚಿನ ಅವಧಿಯ, ಎರಡರಷ್ಟು ದಿನ ಒಂದೂ ಹೊಸ ಕೇಸು ಬಾರದಿದ್ದರೆ ಹರಡುವಿಕೆ ನಿಂತಿತೆಂದು ತೀರ್ಮಾನಿಸಬಹುದು. ಕಾಲರಾಕ್ಕೆ ಅದು 10 ದಿನ, ಸೀತಾಳೆಗೆ 42 ದಿನ. ಅಷ್ಟೂ ದಿನ ಸೊನ್ನೆ ಬರೆಯುತ್ತಿರಿ. ಮನೆಗೆ ಹೋದ ಮಕ್ಕಳಿಗೂ ಫೋನ್ ಮಾಡಿ ವಿಚಾರಿಸಿ, ಅವರ ಸಾಲನ್ನೂ ತುಂಬಿ.

ನಮಸ್ಕಾರ.