ಎರಡು ಬೀಡಿ ನೀರು

ಎಲ್ಲರಿಗೂ ನಮಸ್ಕಾರ. ಪಿತೃಪಕ್ಷ ಮುಗಿದು ಇನ್ನೂ ಮೂರು ದಿನ ಆಗಿಲ್ಲ. ಊಟ ಜಾಸ್ತಿ ಆಗಿದೆ, ನಿದ್ದೆ ಕಮ್ಮಿ ಆಗಿದೆ. ಬೆಂಗಳೂರಿಂದ ಬಂದವರು ಸಂಜೆ ಬಸ್ಸು ಹಿಡಿಯಬೇಕು. ಅದೆಲ್ಲ ಗೊತ್ತಿದ್ದೂ ಹುಡುಗರು ನನಗೆ ಮುಕ್ಕಾಲು ಗಂಟೆ ಕೊಟ್ಟಿದ್ದಾರೆ. 32 ವರ್ಷ ಮೇಷ್ಟ್ರಾಗಿದ್ದವನ ಕೈಗೆ ಮೈಕ್ ಕೊಡುವವರ ಧೈರ್ಯ ಮೆಚ್ಚಬೇಕು.

ಕಳೆದ ಪಿತೃಪಕ್ಷದಿಂದ ಈ ಪಿತೃಪಕ್ಷಕ್ಕೆ ನಮ್ಮೂರಲ್ಲಿ 11 ಜನ ತೀರಿಕೊಂಡರು. ಪಟ್ಟಿ ನನ್ನ ಜೇಬಿನಲ್ಲಿದೆ. ಅಷ್ಟೂ ಜನರ ಬಗ್ಗೆ ಹೇಳಬೇಕು ಅಂತಲೇ ಬಂದಿದ್ದೇನೆ. ಹೆಸರು ಹಿಡಿದು ಹೇಳುವುದಿಲ್ಲ. ಎರಡು ಮನೆಯವರು ಬೇಡ ಅಂದರು. ಮಿಕ್ಕವರ ಹೆಸರು ಹೇಳಿ ಅವರಿಬ್ಬರದು ಬಿಟ್ಟರೆ ಚೆನ್ನಾಗಿರುವುದಿಲ್ಲ. ಯಾರ ಮಾತು ಅಂತ ನಿಮಗೆ ಎರಡನೇ ವಾಕ್ಯಕ್ಕೇ ಗೊತ್ತಾಗುತ್ತದೆ, ಬಿಡಿ.

ಮೊದಲು ನನ್ನ ಜಗಳ ಹೇಳಿಬಿಡುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಈ ವರ್ಷ ಕಟ್ಟಿದ ಶ್ರದ್ಧಾಂಜಲಿ ಫ್ಲೆಕ್ಸ್‌ಗಳನ್ನು ನಾನು ನಿಂತು ಓದಿದ್ದೇನೆ. ಎಲ್ಲರೂ ಸರಳ ಸಜ್ಜನರು. ಎಲ್ಲರೂ ಸ್ನೇಹಜೀವಿಗಳು. ಎಲ್ಲರಿಗೂ ‘ಮತ್ತೆ ಹುಟ್ಟಿ ಬನ್ನಿ’. ಫೋಟೋ ಅದಲು ಬದಲು ಮಾಡಿದರೂ ಒಂದಕ್ಷರ ತಿದ್ದಬೇಕಾಗಿಲ್ಲ. ನಮ್ಮ ಶಾಲೆಯ ಬಿಸಿಯೂಟದ ಅಮ್ಮನಿಗೆ ‘ಮೃದುಭಾಷಿ’ ಅಂತ ಹಾಕಿದ್ದರು. ಮೃದುಭಾಷಿ! ಆಯಮ್ಮ ಅಡುಗೆಮನೆಯಲ್ಲಿ ಕೂಗಿದರೆ ನಾಲೆ ಆಚೆ ಮೇಯುವ ಎಮ್ಮೆ ತಲೆ ಎತ್ತುತ್ತಿತ್ತು. (ನಗು) ನಗಬೇಡಿ, ನಿಮ್ಮಲ್ಲಿ ಅರ್ಧ ಜನ ಬೈಸಿಕೊಂಡೇ ಉಂಡವರು.

ಅದಕ್ಕೇ ಇವತ್ತು ಒಂದು ನೋಟ್ ಬುಕ್ ತಂದಿದ್ದೇನೆ. 200 ಪುಟದ್ದು. ಒಬ್ಬರಿಗೆ ಒಂದು ಪುಟ. ಫ್ಲೆಕ್ಸಿನಲ್ಲಿ ಇಲ್ಲದ್ದನ್ನು ಮಾತ್ರ ಬರೆಯಬೇಕು. ಅಷ್ಟೇ ನನ್ನ ಬೇಡಿಕೆ. ಇನ್ನು ಮುಂದೆ ಹೇಳುವುದೆಲ್ಲ ಅದಕ್ಕೆ ಪೀಠಿಕೆ.

ಬರೆಯುವ ಪದ್ಧತಿ ನಮಗೇನು ಹೊಸದಲ್ಲ. ಆತಕೂರು ಯಾರಿಗೆ ಗೊತ್ತಿಲ್ಲ? ನಮ್ಮ ಮದ್ದೂರು ತಾಲ್ಲೂಕೇ. ಅಲ್ಲಿ ಕ್ರಿ.ಶ. 949-50ರ ಸುಮಾರಿನ ಒಂದು ಕಲ್ಲಿತ್ತು. ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಆ ಕಲ್ಲಿನ ಮೇಲೆ ಒಂದು ನಾಯಿ, ಒಂದು ಹಂದಿ ಕಚ್ಚಾಡುತ್ತಿವೆ. ಕಥೆ ಏನಪ್ಪಾ ಅಂದರೆ, ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ ಇಬ್ಬರೂ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದರು. ಬೂತುಗನ ಕಡೆಯ ಮಣಲೆರ ಅನ್ನುವವನು ಆ ಯುದ್ಧದಲ್ಲಿ ಚೆನ್ನಾಗಿ ಹೊಡೆದಾಡಿದ. ಖುಷಿಯಾದ ರಾಜ ಏನು ಬೇಕು ಕೇಳು ಅಂದ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಅವನು ಕೇಳಿದ್ದು ರಾಜನ ನಾಯಿಯನ್ನು. ಅದರ ಹೆಸರು ಕಾಳಿ. ಆಮೇಲೆ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟ. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಅಂತಲೂ ಕೆತ್ತಿಸಿದರು.

ನೋಡಿ, ಸಾವಿರ ವರ್ಷದ ಹಿಂದೆ ನಮ್ಮ ತಾಲ್ಲೂಕಿನಲ್ಲಿ ಒಂದು ನಾಯಿ ಸತ್ತರೆ ಅದರ ಹೆಸರು ಬರೆದರು. ಎಲ್ಲಿ ಸತ್ತಿತು ಅಂತ ಬರೆದರು. ಹೇಗೆ ಸತ್ತಿತು ಅಂತ ಬರೆದರು. ‘ಸರಳ ಸಜ್ಜನಿಕೆಯ ನಾಯಿ’ ಅಂತ ಬರೆಯಲಿಲ್ಲ. (ನಗು)

ಈಗ ನೀರಗಂಟಿ, ಅಂದರೆ ಕೆರೆ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದವರ ವಿಷಯಕ್ಕೆ ಬರುತ್ತೇನೆ. ಪಟ್ಟಿಯಲ್ಲಿ ಅವರು ಏಳನೆಯವರು. ಆದರೆ ನನಗೆ ತಡೆಯುವುದಕ್ಕೆ ಆಗುವುದಿಲ್ಲ.

ಈಗಿನ ಹುಡುಗರಿಗೆ ಕೆರೆ ತೂಬು ಅಂದರೆ ಸೆಲ್ಫಿ ತೆಗೆಯುವ ಜಾಗ. ಆಗ ಮೋಟಾರು ಇಲ್ಲ, ಬೋರು ಇಲ್ಲ. ತೂಬಿನ ನೀರು ಸರದಿಯ ಮೇಲೆ ಹರಿಯಬೇಕು. ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನುವುದು ನೀರಗಂಟಿ ಬಾಯಲ್ಲಿ. ಹಗಲಾದರೆ ನೆರಳು ನೋಡುತ್ತಿದ್ದರು. ರಾತ್ರಿ ಏನು ಮಾಡುವುದು? ಗಡಿಯಾರ ಇರಲಿಲ್ಲ. ಬೀಡಿ ಇತ್ತು. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚುತ್ತಿದ್ದರು. ಈ ಮಡಿಗೆ ಎರಡು ಬೀಡಿ ನೀರು, ಆ ಮಡಿಗೆ ಒಂದೂವರೆ. ಬೀಡಿ ಮುಗಿಯಿತು ಅಂದರೆ ಗುದ್ದಲಿಯಲ್ಲಿ ಒಂದು ಹೆಂಟೆ ಎತ್ತಿ ಹಾಕುವುದು, ಇನ್ನೊಂದು ಕಡೆ ಒಡೆಯುವುದು. ಊರಿನ ದೊಡ್ಡ ದೊಡ್ಡ ರೈತರೆಲ್ಲ ಆ ಕೆಂಡದ ಚುಕ್ಕಿಯನ್ನೇ ನೋಡುತ್ತಾ ಬದುವಿನಲ್ಲಿ ನಿಂತಿರುತ್ತಿದ್ದರು.

ನನಗೆ ಆಗ ಹನ್ನೊಂದೋ ಹನ್ನೆರಡೋ ವರ್ಷ. ನಮ್ಮ ಗದ್ದೆ ಕಾಲುವೆಯ ಬಾಲದಲ್ಲಿ. ಭತ್ತ ತೆನೆ ಕಟ್ಟುವ ಹೊತ್ತು, ನೀರು ಸಾಲದು. ನಮ್ಮಪ್ಪ ಒಂದು ಕಟ್ಟು ಬೀಡಿ ಕೊಟ್ಟು, ‘ಹೋಗ್ಲಾ, ಅವನ ಕೈಗೆ ಕೊಡು, ಅಪ್ಪ ಕಳಿಸ್ದ ಅನ್ನು’ ಅಂದರು. ಲಂಚ ಅಂತ ನನಗೆ ಗೊತ್ತು. ಕತ್ತಲಲ್ಲಿ ಹೋಗಿ ಕೊಟ್ಟೆ. ಅವರು ತಗೊಂಡರು. ಮೂಸಿ ನೋಡಿದರು. ಕಟ್ಟು ಬಿಚ್ಚಿ ಅದರಲ್ಲೇ ಒಂದು ಹಚ್ಚಿ, ನಮ್ಮ ಗದ್ದೆಗೆ ನೀರು ಬಿಟ್ಟರು. ನನಗೆ ಭಾರೀ ಖುಷಿ. ಆಮೇಲೆ ನೋಡುತ್ತೇನೆ, ಬೀಡಿಯನ್ನು ಪುಸಪುಸ ಅಂತ ಎಳೆಯುತ್ತಿದ್ದಾರೆ. ಇಲಿ ಓಡಿದ ಹಾಗೆ ಕೆಂಡ ಓಡುತ್ತಿದೆ. ಎರಡು ಬೀಡಿ ಅಷ್ಟು ಬೇಗ ಮುಗಿದದ್ದನ್ನು ನಾನು ಆಮೇಲೆ ಎಂದೂ ನೋಡಿಲ್ಲ. ಎದ್ದು ಹೆಂಟೆ ಹಾಕಿ, ‘ನಿಮ್ಮಪ್ಪನ ಬೀಡಿ ಬಿರ್‍ರನೆ ಉರೀತದೆ ಕಣ್ಲಾ ಮೊಗ. ನನ್ನ ಬೀಡೀಲೇ ಕೊಟ್ಟಿದ್ರೆ ಇನ್ನೊಂಚೂರು ನೀರು ಸಿಕ್ತಿತ್ತು’ ಅಂದರು.

ಮನೆಗೆ ಬಂದು ಹೇಳಿದೆ. ನಮ್ಮಪ್ಪ ಮಾತಾಡಲಿಲ್ಲ. ಮಾರನೇ ವಾರದಿಂದ ಬೀಡಿ ಕಳಿಸಲಿಲ್ಲ. ನೀರು ಮೊದಲಿನಷ್ಟೇ ಬಂತು.

ಈ ಕಥೆ ನಾನು ಹತ್ತು ಸಲ ಹೇಳಿದ್ದೇನೆ ಅಂತ ಮುಂದಿನ ಸಾಲಿನಲ್ಲಿ ಕೂತಿರುವವರ ಮುಖ ಹೇಳುತ್ತಿದೆ. ಆದರೆ ಹತ್ತು ಸಲ ಹೇಳಿದವನು ಹತ್ತು ಸಲವೂ ಒಂದು ವಿಷಯ ಬಿಟ್ಟಿದ್ದೇನೆ. ಈಗ ನಾನು ‘ಅವರು, ಅವರು’ ಅನ್ನುತ್ತಿದ್ದೇನಲ್ಲ, ಆಗ ಅನ್ನುತ್ತಿರಲಿಲ್ಲ. ಹನ್ನೊಂದು ವರ್ಷದ ಪೋರ ನಾನು, ಅಪ್ಪನ ವಯಸ್ಸಿನವರನ್ನು ‘ಏ ಬಾರೋ, ಹೋಗೋ’ ಅನ್ನುತ್ತಿದ್ದೆ. ಊರೆಲ್ಲ ಹಾಗೇ ಅನ್ನುತ್ತಿತ್ತು. ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾ? ಊರಿಗೆಲ್ಲ ನೀರು ಹಂಚಿದವರು ನಮ್ಮ ಮನೆ ಕೊಡಪಾನ ಮುಟ್ಟುವ ಹಾಗಿರಲಿಲ್ಲ. ಮೇಲಿಂದ ನೀರು ಬಿಡುತ್ತಿದ್ದೆವು, ಅವರು ಬೊಗಸೆ ಒಡ್ಡಿ ಕುಡಿಯುತ್ತಿದ್ದರು. ಸುಗ್ಗಿಯಲ್ಲಿ ಕಣದ ಅಂಚಿಗೆ ಬಂದು ನಿಲ್ಲುತ್ತಿದ್ದರು, ಮೊರದಲ್ಲಿ ಭತ್ತ ಹಾಕುತ್ತಿದ್ದೆವು. ಅವರ ಸ್ವಂತ ಹೊಲ ಕೆರೆ ಏರಿಯ ಮೇಲುಗಡೆ, ರಾಗಿ ಹೊಲ. ತೂಬಿನ ನೀರು ಅಲ್ಲಿಗೆ ಹತ್ತುವುದೇ ಇಲ್ಲ.

ಫ್ಲೆಕ್ಸಿನಲ್ಲಿ ಅವರು ‘ಶ್ರೀಯುತ’ ಆದರು. ಪುಟದಲ್ಲಿ ಬೊಗಸೆಯ ವಿಷಯವೂ ಬರಬೇಕು. ಅದು ಬರೆಯದೆ ಬೀಡಿ ಕಥೆ ಒಂದನ್ನೇ ಬರೆದರೆ, ನಾನೂ ಫ್ಲೆಕ್ಸ್ ಹೊಡೆಸಿದ ಹಾಗೇ. (ಮೌನ)

ಮೊನ್ನೆ ಅವರ ಮನೆಗೆ ಹೋಗಿದ್ದೆ. ಎಡೆ ಇಟ್ಟಿದ್ದರು. ಮುದ್ದೆ, ಬೋಟಿ ಗೊಜ್ಜು, ಒಂದು ಹೊಸ ಟವಲು, ಒಂದು ಕಟ್ಟು ಬೀಡಿ. ಐದು ವರ್ಷದ ಹಿಂದೆ ಡಾಕ್ಟರು ಬಿಡಿಸಿದ ಬೀಡಿ. ಮನೆಯಲ್ಲಿ ಕಡ್ಡಿಪೆಟ್ಟಿಗೆ ಬಚ್ಚಿಡುತ್ತಿದ್ದ ಸೊಸೆಯೇ ಕಟ್ಟು ಬಿಚ್ಚಿ ಇಟ್ಟಿದ್ದರು. ನಾನು ಹೇಳುವುದೇ ಇದು. ಎಡೆ ಇಡುವಾಗ ನಾವು ಸುಳ್ಳು ಹೇಳುವುದಿಲ್ಲ. ಕುಡಿಯುತ್ತಿದ್ದವನಿಗೆ ಕ್ವಾರ್ಟರ್ ಇಡುತ್ತೇವೆ. ಸಿಹಿ ಕಾಯಿಲೆಯಲ್ಲಿ ಹೋದ ಅಜ್ಜಿಗೆ ಒಬ್ಬಟ್ಟು ಇಡುತ್ತೇವೆ. ಯಾರಿಗೆ ಏನು ಇಷ್ಟ ಅಂತ ಮನೆ ಹೆಂಗಸರಿಗೆ ಬಾಯಿಪಾಠ. ಆ ಎಲೆ ನೋಡಿಯೇ ಮನುಷ್ಯ ಎಂಥವನು ಅಂತ ಹೇಳಬಹುದು. ಅದನ್ನೇ ಪುಸ್ತಕಕ್ಕೆ ಇಳಿಸಿ ಅಂತಿದ್ದೇನೆ.

ಇನ್ನು ಸರ್ಕಾರದ ಪುಸ್ತಕ ಇದೆಯಲ್ಲ ಅಂತ ಪಂಚಾಯ್ತಿ ಸದಸ್ಯರೊಬ್ಬರು ಕೇಳಿದರು. ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆ. 21 ದಿನದೊಳಗೆ ತಿಳಿಸಬೇಕು. ದಯವಿಟ್ಟು ತಿಳಿಸಿ, ವರ್ಷ ದಾಟಿದರೆ ಅಲೆಯಬೇಕಾಗುತ್ತದೆ. ಆದರೆ ಆ ಪುಸ್ತಕದಲ್ಲಿ ಸತ್ತದ್ದು ಇರುತ್ತದೆ, ಬದುಕಿದ್ದು ಇರುವುದಿಲ್ಲ. ಪಹಣಿ ಇನ್ನೂ ಮಜಾ. ಅಲ್ಲಿ ಸತ್ತವರು ಸಾಯುವುದೇ ಇಲ್ಲ. ನಮ್ಮಪ್ಪ ಹೋಗಿ ಒಂಬತ್ತು ವರ್ಷ ಆದ ಮೇಲೆ ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ ಅಂತ ಒಂದು ಕಚೇರಿಗೆ ಹೋದೆ. ಯಾವುದು ಅಂತ ಕೇಳಬೇಡಿ. ಅಲ್ಲಿದ್ದವರು ಕಾಗದ ನೋಡಿ, ‘ಖಾತೆದಾರರು ಬಂದಿಲ್ವಾ?’ ಅಂದರು. ‘ಪೌತಿ ಖಾತೆ ಸಾರ್’ ಅಂದೆ. ‘ಅದು ಸರಿ, ಅವರ ಸೈನು ಬೇಕಲ್ಲ’ ಅಂದರು. (ನಗು) ನಾನು ಅಮಾವಾಸ್ಯೆಗೆ ಬರುತ್ತಾರೆ ಸಾರ್, ಆಗ ಕರೆದುಕೊಂಡು ಬರುತ್ತೇನೆ ಅಂತ ಹೇಳಿ ಬಂದೆ.

ದೊಡ್ಡವರಾದರೆ ಪೇಪರಿನವರು ಬರೆಯುತ್ತಾರೆ. ಪಕ್ಕದ ಮಳವಳ್ಳಿಯ ದಾಸನದೊಡ್ಡಿ ಕಾಮೇಗೌಡರು 2022ರ ಅಕ್ಟೋಬರಿನಲ್ಲಿ ಹೋದರು. ಕುರಿ ಕಾಯುತ್ತಾ ಕುಂದಿನಿ ಬೆಟ್ಟದಲ್ಲಿ ಕಟ್ಟೆಗಳನ್ನು ಕಟ್ಟಿದವರು. ಮಾಗಡಿ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ 2025ರ ನವೆಂಬರಿನಲ್ಲಿ ಹೋದರು. 385 ಆಲದ ಮರ. ನನಗೆ ಆ 385 ಬಹಳ ಇಷ್ಟ. ‘ನೂರಾರು ಮರ’ ಅಲ್ಲ, 385. ಯಾರೋ ರಸ್ತೆಯಲ್ಲಿ ನಡೆದು, ಬೆರಳು ಮಡಚಿ ಎಣಿಸಿದ್ದಾರೆ. ನೀರಗಂಟಿಯ ಬೀಡಿ ಯಾರೂ ಎಣಿಸಲಿಲ್ಲ. ಆತಕೂರಿನ ಕಾಳಿಗೆ ಸಿಕ್ಕಿದ್ದು ನಮ್ಮವರಿಗೂ ಸಿಗಬೇಕು ಅಂತ ನಾನು ಗಲಾಟೆ ಮಾಡುವುದು ಇಷ್ಟಕ್ಕೇ.

ಚೀಟಿ ಬಂತು. ಹತ್ತು ನಿಮಿಷ ಅಂತೆ. ಹತ್ತು ಜನ ಬಾಕಿ. ಬೇಗ ಹೇಳುತ್ತೇನೆ.

ಬಿಸಿಯೂಟದ ಅಮ್ಮ. ನಮ್ಮ ಕಡೆ 2003ರಲ್ಲಿ ಬಿಸಿಯೂಟ ಶುರುವಾದಾಗಿನಿಂದ ಅವರೇ. ಸಾರು ಬಡಿಸುವಾಗ ಕೆಲವು ಮಕ್ಕಳಿಗೆ ಮಾತ್ರ ಸೌಟನ್ನು ತಳಕ್ಕೆ ಇಳಿಸಿ ಎತ್ತುತ್ತಿದ್ದರು. ತಳದಲ್ಲಿ ಬೇಳೆ ಇರುತ್ತದೆ ನೋಡಿ. ಮಿಕ್ಕವರಿಗೆ ಮೇಲಿನ ತಿಳಿ. ಪಕ್ಷಪಾತ ಅಂತ ನಾನೇ ಒಂದು ದಿನ ಕೇಳಿದೆ. ‘ಮೇಷ್ಟ್ರೇ, ಆ ಮಕ್ಳು ಬೆಳಿಗ್ಗೆ ಉಣ್ಣದೆ ಬಂದವೆ. ನೀವು ಹಾಜರಿ ಕೂಗ್ತೀರಿ, ನಾನು ಹೊಟ್ಟೆ ನೋಡ್ತೀನಿ’ ಅಂದರು. ಅದನ್ನೂ ಕೂಗಿಯೇ ಹೇಳಿದರು.

ದುರ್ಯೋಧನ. ಹೌದು, ಅವರೇ. ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನ ಪಾತ್ರ ಸಿಗಬೇಕಾದರೆ ಕೈಯಿಂದ ಕಟ್ಟಬೇಕಾದ ದುಡ್ಡು ಜಾಸ್ತಿ ಅಂತ ಕರು ಸಮೇತ ಹಸು ಮಾರಿದವರು. ಸ್ಟೇಜಿನ ಮೇಲೆ ಭೀಮನನ್ನು ನಡುಗಿಸುತ್ತಿದ್ದರು, ಮನೆಗೆ ಬಂದರೆ ಹೆಂಡತಿ ಮುಂದೆ ಅವರೇ ನಡುಗುತ್ತಿದ್ದರು. ಗದೆ ಇನ್ನೂ ಅಟ್ಟದ ಮೇಲಿದೆ. ಮಕ್ಕಳೇ, ಅದನ್ನು ಗುಜರಿಗೆ ಹಾಕಬೇಡಿ.

ಹೈವೇಯಲ್ಲಿ ಬೈಕಿನಿಂದ ಬಿದ್ದು ಹೋದ ಹುಡುಗನ ಬಗ್ಗೆ ಇವತ್ತು ಮಾತಾಡುವುದಿಲ್ಲ. ಅವನ ಅಮ್ಮ ಇಲ್ಲಿ ಕೂತಿದ್ದಾರೆ. ಅವನ ಪುಟ ಹಾಗೇ ಇರಲಿ, ಯಾವಾಗ ಬೇಕೋ ಆಗ ಅವರೇ ಬರೆಯಲಿ.

ಸೋಬಾನೆ ಅಜ್ಜಿ, ಡೈರಿಯಲ್ಲಿ ಹಾಲು ಅಳೆಯುತ್ತಿದ್ದವರು, ಮೇಲಿನ ಬೀದಿಯ ಅಣ್ಣತಮ್ಮ ಇಬ್ಬರು, ಇವರದೆಲ್ಲ ನನ್ನ ಚೀಟಿಯಲ್ಲಿ ಒಂದೊಂದು ಸಾಲು ಇದೆ. ಓದುವುದಕ್ಕೆ ಹೊತ್ತಿಲ್ಲ. ಚೀಟಿಯನ್ನೇ ನೋಟ್ ಬುಕ್ಕಿಗೆ ಅಂಟಿಸುತ್ತೇನೆ. ಇನ್ನೂ ಇಬ್ಬರದು ಹೆಸರು ಬಿಟ್ಟು ಏನೂ ಬರೆದಿಲ್ಲ, ಅವರ ಮನೆಯವರು ನನ್ನನ್ನು ಬೈಯಬಹುದು, ಬೈಯುತ್ತಾ ನಾಲ್ಕು ಮಾತು ಹೇಳಿದರೆ ಅದನ್ನೇ ಬರೆದುಕೊಳ್ಳುತ್ತೇನೆ.

ಕೊನೆಯದು ಸೊಪ್ಪಿನಮ್ಮ. ನಲವತ್ತು ವರ್ಷ ಈ ಊರಿನ ಬೀದಿಯಲ್ಲಿ ‘ಸೊಪ್ಪೂ’ ಅಂತ ಕೂಗಿದರು. ಕಂತೆ ಕೊಟ್ಟ ಮೇಲೆ ಮತ್ತೊಂದು ಹಿಡಿ ಹಾಕಿ, ‘ಇದು ಕೂಸಿಗೆ’ ಅನ್ನುತ್ತಿದ್ದರು. ಮನೆಯಲ್ಲಿ ಕೂಸು ಇಲ್ಲದಿದ್ದರೂ ಅನ್ನುತ್ತಿದ್ದರು. ಅವರ ಪುಟದಲ್ಲಿ ಇಷ್ಟೇ ಇದೆ. ಎಲ್ಲಿಂದ ಬಂದವರು, ತವರು ಯಾವುದು, ನನಗೆ ಗೊತ್ತಿಲ್ಲ. ಫ್ಲೆಕ್ಸ್ ಕಟ್ಟುವವರೂ ಅವರಿಗೆ ಯಾರಿರಲಿಲ್ಲ. ಹಿಂದೆ ಕೂತಿರುವ ಅಜ್ಜಿಯಂದಿರೇ, ನಿಮ್ಮ ಹತ್ತಿರ ಯಾವತ್ತಾದರೂ ತನ್ನೂರಿನ ಮಾತು ಆಡಿದ್ದರಾ?

ಆಯ್ತು, ಆಯ್ತು, ಮೈಕಿನಲ್ಲಿ ಬೇಡ. ಊಟ ಮಾಡಿಕೊಂಡು ಬನ್ನಿ. ನೋಟ್ ಬುಕ್ ಇಲ್ಲೇ ಟೇಬಲ್ ಮೇಲೆ ಇರುತ್ತದೆ. ಬರೆಯಲು ಬಾರದವರು ಹೇಳಿ, ಏಳನೇ ಕ್ಲಾಸಿನ ಹುಡುಗಿಯರು ಬರೆದುಕೊಳ್ಳುತ್ತಾರೆ. ಪೆನ್ನನ್ನು ದಾರದಲ್ಲಿ ಕಟ್ಟಿದ್ದೇನೆ, ಯಾರೂ ಜೇಬಿಗೆ ಹಾಕಿಕೊಂಡು ಹೋಗಬೇಡಿ.